ರಾಗಿ ಹಾಕುವ ಬಿಡುವು

ಕಿರುಗಾವಲು
ಭಾನುವಾರ, ಸಂಜೆ ಆರೂವರೆ

ಲಿಂಗರಾಜು ಅವರಿಗೆ,

ಬೆಳಿಗ್ಗೆ ಮನೆ ತೊಳೆದೆವು. ಮಧ್ಯಾಹ್ನ ಅವ್ವನ ಜೊತೆ ಕೂತು ನೀವು ಕಳಿಸಿದ ಆಲ್ಬಂ ಪೂರ್ತಿ ಕೇಳಿದೆ. ತಂಗಿ ಚೈತನ್ಯಾ ಹೋದ ಮೇಲೆ ಈ ಮನೆಯಲ್ಲಿ ಹಾಡು ಹಾಕಿದ್ದು ಇದೇ ಮೊದಲು.

ನನಗೆ ರಾಕ್ ಸಂಗೀತ ತಿಳಿಯದು. ಚೈತನ್ಯಾ ಹಾಡಿದ ಒಂಬತ್ತು ನಿಮಿಷದ ಆ ಬೀಸುವ ಪದ ಮಾತ್ರ ತಿಳಿಯಿತು. ಡ್ರಮ್ಮು ಶುರುವಾದಾಗ ಅವ್ವ, "ಯಾವನಮ್ಮಿ ಅವ್ನು, ನನ್ ಮಗಳ ದನೀನೇ ಕೇಳದಂಗೆ ಬಡೀತಾವ್ನೆ" ಎಂದು ಬೈದಳು. ನಿಮ್ಮ ಗಿಟಾರು ಚೈತನ್ಯಾಳ ದನಿಯ ಕೆಳಗೆ ಮೆಲ್ಲಗೆ ಬಂದಾಗ ಫೋನಿನ ಹತ್ತಿರಕ್ಕೆ ಸರಿದು ಕೂತಳು.

ಬೀಸುವಾಗ ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕಲು ಪದವನ್ನು ಒಂದು ಗಳಿಗೆ ನಿಲ್ಲಿಸುತ್ತಾರೆ. ಅವ್ವ ಹಾಗೆಯೇ ಕಲಿಸಿದ್ದಳು, ಚೈತನ್ಯಾ ಹಾಗೆಯೇ ಹಾಡಿದ್ದಾಳೆ. ಅವಳು ನಿಲ್ಲಿಸಿದ ಕಡೆಯೆಲ್ಲ ನೀವೆಲ್ಲರೂ ವಾದ್ಯ ನಿಲ್ಲಿಸಿದ್ದೀರಿ. ಪ್ರತಿ ಸಲವೂ ಅವ್ವನ ಕೈ ರಾಗಿಗೆಂದು ಪಕ್ಕಕ್ಕೆ ಹೋಗುತ್ತಿತ್ತು.

"ಬೈಕ್ ಓಡಿಸುತ್ತಿದ್ದವನು ನಾನು, ಇದನ್ನು ಬಿಡುಗಡೆ ಮಾಡುವ ಹಕ್ಕು ನನಗಿಲ್ಲ" ಎಂದು ಬರೆದಿದ್ದೀರಿ. ಅವಳು ಹೋದ ದಿನ ಗೆಜ್ಜಲಗೆರೆ ಹೆದ್ದಾರಿಯಲ್ಲಿ ಏನಾಯಿತೆಂದು ನಾನು ಕೇಳುವುದಿಲ್ಲ. ಸಿಟ್ಟು ಹೋಗಿದೆ ಎಂದೂ ಹೇಳಲಾರೆ. ಅವ್ವನನ್ನು ಕೇಳಿದೆ. "ಅವ್ಳು ಹಾಡ್ಬುಟ್ಟವ್ಳೆ, ಇನ್ನು ಮುಚ್ಚಿಟ್ಕಂಡು ಏನ್ಮಾಡೀಯೆ? ಜನ ಕೇಳ್ಲಿ ಬುಡು" ಎಂದಳು.

ಬಿಡುಗಡೆ ಮಾಡಿ. ಆ ಬಿಡುವುಗಳಲ್ಲಿ ಮಾತ್ರ ಏನನ್ನೂ ತುಂಬಬೇಡಿ.

ಪೋಸ್ಟಿನಲ್ಲಿ ತಡವಾಗುತ್ತದೆಂದು ಈ ಕಾಗದದ ಫೋಟೊ ತೆಗೆದು ಕಳಿಸುತ್ತಿದ್ದೇನೆ. ನಾಳೆ ಅವಳ ವರ್ಷದ ಎಡೆ. ಮಳವಳ್ಳಿಯಿಂದ ಹನ್ನೊಂದು ಗಂಟೆಗೆ ನಮ್ಮೂರಿಗೆ ಬಸ್ಸಿದೆ.

ಚೈತನ್ಯಾಳ ಅಕ್ಕ,
ರೂಪ