ಪ್ರಾರ್ಥನೆಯಲ್ಲಿ ನನ್ನ ಜಾಗ

ವಿಜಾಪುರ
೧೭ ಡಿಸೆಂಬರ್ ೧೯೫೬

ಪ್ರೀತಿಯ ಅಪ್ಪಾ, ಅವ್ವಾ,

ಕ್ರಿಸ್ಮಸ್ಸಿಗೆ ರೋಣಕ್ಕೆ ಹೋಗಿಬರಲು ಅತ್ತೆ ಒಪ್ಪಿಬಿಟ್ಟರು! "ತವರಮನಿ ಕಾಣದ ಸೊಸಿ ಏನ್ ಚೆಂದವ್ವಾ? ನಿಮ್ಮಪ್ಪ ಬೈದ್ರ ಬೈಸ್ಕೊಂಡ ಬಾ, ಹೊಟ್ಟಿತುಂಬ ಉಂಡ ಬಾ," ಎಂದರು. ಅವ್ವನೂ ಓದಲೆಂದು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನಗಬೇಡಿ.

ಇಲ್ಲಿ ಎಲ್ಲರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಭಾನುವಾರ ನಾನು ಚರ್ಚಿಗೆ ಹೋಗಲು ಮಾವ ಈಶಪ್ಪನವರೇ ಟಾಂಗಾ ಕರೆಸುತ್ತಾರೆ! ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಿ ಹಿಂದೂ ಮನೆ ಸೇರಿದ್ದರಿಂದ ನಿಮಗೆ ಎಷ್ಟು ನೋವಾಗಿದೆಯೆಂದು ಬಲ್ಲೆ. ಆದರೆ ನಿಮ್ಮ ಉತ್ತರಕ್ಕಾಗಿ ದಿನವೂ ಟಪಾಲಿನವನ ದಾರಿ ಕಾದು ಕಾದು ದಣಿದುಬಿಟ್ಟಿದ್ದೇನೆ.

ಹೋದ ತಿಂಗಳು ರೂತಕ್ಕ ಬಂದಿದ್ದಳು. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಈಗಲೂ ಮಕ್ಕಳ ಹೆಸರುಗಳನ್ನು ಹಿರಿಯರಿಂದ ಕಿರಿಯರವರೆಗೆ ಹೇಳುತ್ತಾರಂತೆ. "ನನ್ನ ಹೆಸರ ಆದಮ್ಯಾಲೆ ಅಪ್ಪ ಒಂದ ಗಳಿಗಿ ತಡೀತಾರ ನೋಡ. ನಾವೆಲ್ಲಾ ಕಣ್ಣ ಮುಚ್ಚಿ ಕಾಯ್ತೀವಿ. ಆಮ್ಯಾಲೆ ಪ್ರಭಾಕರನ ಹೆಸರ ಹೇಳ್ತಾರ," ಎಂದಳು.

ಅಪ್ಪಾ, ನನ್ನ ಹೆಸರು ಹೇಳಿ ಎಂದು ಕೇಳುವುದಿಲ್ಲ. ಅಲ್ಲಿ ತಡೆಯುವುದನ್ನು ಮಾತ್ರ ಬಿಡಬೇಡಿ. ಅವ್ವಾ, ಒಬ್ಬಳೇ ಬರುತ್ತೇನೆ, ಹಬ್ಬ ಮುಗಿದ ಮರುದಿನವೇ ಹೊರಡುತ್ತೇನೆ. ಒಳಗೆ ಬೇಡವೆಂದರೆ ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಯಾರಾದರೂ ಸ್ಟೇಷನ್ನಿಗೆ ಬಂದರೆ ಸಂತೋಷ. ಬಾರದಿದ್ದರೂ ನಾನೇ ಊರಿಗೆ ಬಂದು ಮುಟ್ಟುತ್ತೇನೆ.

ಈ ಶನಿವಾರ, ಗದಗಿಗೆ ಹೋಗುವ ಬೆಳಗಿನ ಗಾಡಿಯಲ್ಲಿ ಬಂದು ಹೊಳೆಆಲೂರಿನಲ್ಲಿ ಇಳಿಯುತ್ತೇನೆ.

ನಿಮ್ಮ ಎರಡನೆಯವಳು,
ಲಿಡಿಯಾ