ಲಕ್ಷ್ಮಿಯ ಹಿಂದೆ ಪರಾಗ್ವೆ

11 ಆಗಸ್ಟ್ 2004, ಬುಧವಾರ. ನೈರೋಬಿ

ಹಾಲು ಉಕ್ಕಿತು. ಒಲೆ ಒರೆಸಿ ಈಗ ಕೂತೆ. ಪ್ರಣತಿ ಬೆಳಗ್ಗೆಯಿಂದ ಮುಖ ಊದಿಸ್ಕೊಂಡಿದಾಳೆ. ಸ್ಕೂಲಲ್ಲಿ ರಜಾ ಪ್ರಾಜೆಕ್ಟ್‌ಗೆ ಚೀಟಿ ಎತ್ತಿಸಿದರಂತೆ — ಒಬ್ಬೊಬ್ಬರಿಗೆ ಒಂದೊಂದು ಒಲಿಂಪಿಕ್ಸ್ ದೇಶ. ನನ್ನ ಮಗಳಿಗೆ ಪರಾಗ್ವೆ. ದಕ್ಷಿಣ ಅಮೆರಿಕದಲ್ಲಿದೆಯಂತೆ. ಇವತ್ತಿನವರೆಗೆ ಒಂದೇ ಒಂದು ಪದಕ ಗೆದ್ದಿಲ್ಲ! ಸ್ಕೂಲ್ ತೆರೆದ ದಿನ ಅದರ ಬಗ್ಗೆ ಎಲ್ಲರ ಮುಂದೆ ನಿಂತು ಮಾತಾಡಬೇಕು.

"ವಾಟ್ ವಿಲ್ ಐ ಸೇ, ಅಮ್ಮ?"

ಬೆಂಗಳೂರಲ್ಲಿ ವಟವಟ ಅಂತಿದ್ದ ಮಗು. ಇಲ್ಲಿಗೆ ಬಂದ ಮೇಲೆ ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತಾರೆ ಮಿಸ್. ಮನೇಲೂ ಅಷ್ಟಕ್ಕಷ್ಟೇ. ಅದೇ ನನ್ನ ಚಿಂತೆ. ಯಾವ ಮೂಲೇಲಿತ್ತೋ ಈ ಪರಾಗ್ವೆ, ನಮಗೇ ಗಂಟು ಬೀಳಬೇಕಿತ್ತಾ!

25 ಆಗಸ್ಟ್, ಬುಧವಾರ

ಹೆಲನ್ ಹಾಡ್ತಾನೇ ಕೆಲಸಕ್ಕೆ ಬಂದಳು. ಸ್ಟೀಪಲ್‌ಚೇಸ್ ಓಟದಲ್ಲಿ ಮೂರೂ ಪದಕ ಕೆನ್ಯಾಕ್ಕೆ! ಅವಳ ಕೈ ಹಿಡಿದು ನಾನೂ ಕುಣಿದೆ, ಸೌಟು ಸಮೇತ.

ಅಷ್ಟರಲ್ಲಿ ಪ್ರಣತಿ ಮೆಲ್ಲಗೆ — "ಪರಾಗ್ವೆ ಈಸ್ ಇನ್ ದ ಫೈನಲ್." ಫುಟ್‌ಬಾಲಲ್ಲಿ! ಸೋತರೂ ಬೆಳ್ಳಿ ಗ್ಯಾರಂಟಿ ಅಂದರು ಯಶವಂತ್, ಪೇಪರ್ ನೋಡಿ. ಶನಿವಾರ ಬೆಳಗ್ಗೆ ಹತ್ತಕ್ಕೆ, ಅರ್ಜೆಂಟೀನಾ ಮೇಲೆ.

ಪ್ರಣತಿ ಮುಖದಲ್ಲಿ ನಗುವೇ ಇಲ್ಲ. "ನೌ ಐ ಹ್ಯಾವ್ ಟು ಟಾಕ್." ಪದಕ ಇಲ್ಲ ಅಂತ ಹೇಳಿ ಕೂತ್ಕೊಂಡುಬಿಡೋ ಯೋಚನೆ ಇತ್ತು ಅಂತ ಕಾಣುತ್ತೆ. ಸಂಕಟ ಆಯ್ತು.

27 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ ಚೆನ್ನಾಗಾಯ್ತು. ಬಾಳೆಕಂದು ಸಿಕ್ಕಿದ್ದೇ ಪುಣ್ಯ. ಲ್ಯಾವಿಂಗ್ಟನ್ ಬಡಾವಣೆಯಿಂದಲೂ ಕುಂಕುಮಕ್ಕೆ ಬಂದಿದ್ದರು. ಸೀರಿಯಲ್ ಸೆಟ್ ದೀಪಕ್ಕೆ ಪ್ಲಗ್ ಇರೋದು ಟಿವಿ ಮೂಲೇಲಿ ಮಾತ್ರ. ಅದಕ್ಕೇ ಟಿವಿ ಮುಂದೇನೇ ಮೇಜು ಹಾಕಿ, ಕಲಶಕ್ಕೆ ಹಸಿರು ರೇಷ್ಮೆ ಉಡಿಸಿ ಕೂರಿಸಿದ್ದೆ.

ಎಲ್ಲರೂ ಹೋದ ಮೇಲೆ ಯಶವಂತ್ ಕೇಳಿದರು, "ಚಿತ್ರಾ, ನಾಳೆ ಮ್ಯಾಚ್ ಎಲ್ಲಿ ನೋಡೋದು?"

ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮನೇಲಿ ಶನಿವಾರ ಸಂಜೆ ಆರತಿ ಆಗದೆ ಕಲಶ ಕದಲಿಸೋ ಹಾಗಿಲ್ಲ. ಅತ್ತೆ ಕಾಲದ ಪದ್ಧತಿ. ಪಕ್ಕದ ಮನೆಯವರೋ, ಮೊಂಬಾಸಾಗೆ ಹೋಗಿದಾರೆ.

"ಒಂದು ಚೂರು ಪಕ್ಕಕ್ಕೆ..."

"ನೀವು ಹೋಗಿ ಪಕ್ಕಕ್ಕೆ!" ಅಂದೆ.

28 ಆಗಸ್ಟ್, ಶನಿವಾರ, ಮಧ್ಯಾಹ್ನ

ಬರೀಲೇಬೇಕು.

ಟಿವಿ ಹಾಕಿದ್ವಿ. ದೇವರ ಮುಂದೆ ಗದ್ದಲ ಬೇಡ ಅಂತ ವಾಲ್ಯೂಮ್ ನಾನೇ ಪೂರ್ತಿ ಕಮ್ಮಿ ಮಾಡಿಸಿದೆ. ನಮಗೆ ಕಂಡಿದ್ದು ಬರೀ ಹಸಿರು ಸೀರೆ. ಗೋಡೆಗೂ ಬಾಳೆಕಂದಿಗೂ ನಡುವೆ ಒಂದು ಸಂದು. ಪ್ರಣತಿ ಮಾತ್ರ ಹಿಡಿಸೋ ಅಷ್ಟು. ಕಲಶದ ಹಿಂದಕ್ಕೆ ನುಸುಳಿದಳು.

"ಏನಾಯ್ತೇ?"

"ನಥಿಂಗ್."

ಸ್ವಲ್ಪ ಹೊತ್ತು. "ಈಗೇನೇ?"

"ಅಯ್ಯೋ ಅಮ್ಮಾ, ಗೋಲು! ಅರ್ಜೆಂಟೀನಾದವ್ರು ಹೊಡೆದ್ಬಿಟ್ರು!"

ಆಮೇಲೆ ಕೇಳಬೇಕಾಗಲೇ ಇಲ್ಲ. ಯಾರ ಹತ್ರ ಬಾಲು, ಯಾರು ಬಿದ್ದ, ಯಾರು ನಾಟಕ ಆಡ್ತಿದಾನೆ... ಕನ್ನಡ, ಇಂಗ್ಲಿಷ್, ಹೆಲನ್‌ಗೋಸ್ಕರ ಸ್ವಾಹಿಲಿ! "ಅಪ್ಪಾ, ರೆಫರಿ ಇಬ್ಬರನ್ನ ಹೊರಗೆ ಹಾಕಿದಾನೆ, ಪರಾಗ್ವೆಯವ್ರು ಒಂಬತ್ತೇ ಜನ, ಆದ್ರೂ ಓಡ್ತಾನೇ ಇದಾರೆ!" ಹೆಲನ್ ಅಡುಗೆಮನೆ ಬಾಗಿಲಲ್ಲಿ ನಿಂತು "ಕಿಂಬಿಯಾ! ಕಿಂಬಿಯಾ!" — ಓಡು, ಓಡು ಅಂತ. ದೇವರ ಮುಂದೆ ಗದ್ದಲವೋ ಗದ್ದಲ. ಸುಮ್ಮನಿರು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಸೋತರು. ಒಂದೇ ಗೋಲಿಂದ. ಪ್ರಣತಿ ಹೊರಗೆ ಬಂದಳು, ಕೆನ್ನೆಗೆಲ್ಲ ಕುಂಕುಮ, ಗಂಟಲು ಕಟ್ಟಿದೆ. "ಸಿಲ್ವರ್, ಅಮ್ಮ. ಅವ್ರ ಫಸ್ಟ್ ಮೆಡಲ್."

ಮೆಣಸಿನ ಕಷಾಯ ಮಾಡ್ತೀನಿ ಅಂತ ಒಳಗೆ ಹೋಗಿ ಅತ್ತುಬಿಟ್ಟೆ. ಖುಷಿಗೆ.

6 ಸೆಪ್ಟೆಂಬರ್, ಸೋಮವಾರ

ಇವತ್ತು ಸ್ಕೂಲ್ ಶುರು. ಪ್ರಣತಿ ಬೆಳಗ್ಗೆ ದೋಸೆ ಮುಟ್ಟಲಿಲ್ಲ. "ಎಲ್ರೂ ನನ್ನೇ ನೋಡ್ತಾರೆ." ಲಕ್ಷ್ಮಿ ಹಿಂದೆ ನಿಂತಿದೀನಿ ಅಂದ್ಕೋ, ನಾವು ಈ ಕಡೆ ಕೂತಿದೀವಿ, ನಮಗೇನೂ ಕಾಣಿಸ್ತಿಲ್ಲ, ನೀನೇ ಹೇಳಬೇಕು ಅಂದೆ. ತಲೆ ಆಡಿಸಿ ಹೋದಳು. ಅವಾಗಿನಿಂದ ಒಂದು ಕೆಲಸಕ್ಕೂ ಕೈ ಹೋಗ್ತಿಲ್ಲ.

ವ್ಯಾನ್ ಬಂತು.

ಮೆಟ್ಟಿಲ ಮೇಲಿಂದಲೇ ಶುರು — "ಅಮ್ಮಾ, ಬೆಲ್ ಹೊಡೆದ್ರೂ ನಾನು ನಿಲ್ಲಿಸ್ಲಿಲ್ಲ, ಮಿಸ್ ನಕ್ಕುಬಿಟ್ರು, ಆಮೇಲೆ..." ತಾಳೇ, ಇದೊಂದು ಸಾಲು ಬರ್ಕೋತೀನಿ... ಎಲ್ಲಿ ಬಿಡ್ತಾಳೆ, ಪೆನ್ನಿಗೇ ಕೈ ಹಾಕಿ