ಗಂಧಕ ತಾಗಿದ ಕಾಫಿ ಬೀಜ

ಜಲನಗರ, ವಿಜಯಪುರ
ಮಾರ್ಚ್ ೧೮, ೨೦೨೫, ಮಂಗಳವಾರ

ನನ್ನವರಿಗೆ ನಂದಾಳ ನಮಸ್ಕಾರ.

ಮೈ ಹೇಗಿದೆ? ಸೋಮವಾರಪೇಟೆಯ ಥಂಡಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ಮೂರು ಹೊತ್ತೂ ಅನ್ನ ಉಂಡು ಹೊಟ್ಟೆ ತುಂಬಿದಂತೆಯೇ ಆಗುವುದಿಲ್ಲ ಎಂದು ಗೋಳಾಡಿದ್ದಿರಲ್ಲ, ಲಾರಿಯ ದಾದಾಸಾಬನ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ. ತೋಟದವರಿಗೂ ಕೊಡಿ. ಒಬ್ಬರೇ ಕೂತು ಮುಗಿಸುವ ಮನುಷ್ಯ ನೀವು, ಅದಕ್ಕೇ ಬರೆದೆ. ಇಲ್ಲಿ ಅತ್ತೆಯವರು ಚೆನ್ನಾಗಿದ್ದಾರೆ. ನನಗೆ ಮಾತ್ರ ನಿದ್ದೆ ಸರಿಯಾಗಿಲ್ಲ.

ಕೈಯಲ್ಲಿ ಫೋನಿಟ್ಟುಕೊಂಡು ಇವಳೇಕೆ ಕಾಗದ ಬರೆದಳು ಎಂದು ನಗಬೇಡಿ. ನೀವು ಗುಡ್ಡ ಹತ್ತಿದರೆ ಮಾತ್ರ ಫೋನ್ ಹತ್ತುತ್ತದೆ. ನೀವು ಗುಡ್ಡ ಹತ್ತುವುದು ಸಂಜೆಗೆ, ಆಗ ಮಾವನವರು ನನ್ನ ಪಕ್ಕದಲ್ಲೇ ಕೂತು "ಸ್ಪೀಕರ್ ಹಚ್ಚವಾ, ನನ್ನ ಮಗನ ದನಿ ನನಗೂ ಕೇಳಲಿ" ಅನ್ನುತ್ತಾರೆ. ಮೆಸೇಜು ಹಾಕಿದರೆ ಅದು ಸಂಜೆಯವರೆಗೆ ಒಂದೇ ಟಿಕ್ಕಿನಲ್ಲಿ ನಿಲ್ಲುತ್ತದೆ, ಓದಿದ ಕೂಡಲೇ ನೀವು ಫೋನ್ ಮಾಡಿ ಸ್ಪೀಕರಿನಲ್ಲೇ ಕೇಳಿಬಿಡುತ್ತೀರಿ. ಇನ್ನು ದಾದಾಸಾಬನಿಗೆ ಬಾಯಿಮಾತಿನಲ್ಲಿ ಹೇಳಿ ಕಳಿಸೋಣವೆಂದರೆ ಅದು ಲಾರಿ ಊರು ಬಿಡುವ ಮೊದಲೇ ತಿಕೋಟಾದಲ್ಲಿ ಮಾವನವರ ಕಿವಿ ಮುಟ್ಟುತ್ತದೆ. ಹಾಗಾಗಿ ಕವರಿನ ಬಾಯಿ ಅಂಟಿಸಿ ಕೊಡುತ್ತಿದ್ದೇನೆ. ಲೋಡು ತುಂಬುವ ಮೊದಲೇ ಓದಿ.

ಹೋದ ವಾರ ನೀವು ಕಳಿಸಿದ ಕಾಫಿ ಬೀಜದ ಮೊದಲ ಚೀಲಗಳನ್ನು ಮಾವನವರು ಅಂಗಡಿಗೆ ತರಲಿಲ್ಲ. "ಪ್ಯಾಟ್ಯಾಗ ಇಟ್ರ ಹುಳಾ ಹತ್ತತಾವು, ನಮ್ಮ ಶೆಡ್ಡಿನ್ಯಾಗ ಇಡ್ತೇನಿ" ಎಂದು ನೇರವಾಗಿ ತಿಕೋಟಾಕ್ಕೆ ಒಯ್ದರು. ಒಣದ್ರಾಕ್ಷಿಯ ಶೆಡ್ಡು ಬೆಚ್ಚಗೆ, ಸ್ವಚ್ಛವಾಗಿ ಇರುತ್ತದೆ, ಬಾಡಿಗೆಯೂ ಇಲ್ಲ ಎಂದು ನಾನೂ ಸುಮ್ಮನಿದ್ದೆ. ಮೊನ್ನೆ ಅರ್ಧ ಚೀಲ ಹೊತ್ತು ತಂದು ನನ್ನ ಮುಂದೆ ಸುರಿದರು. ಹಸಿರು ಬೀಜಗಳೆಲ್ಲ ಹಳದಿ! ಅವರ ಮುಖದಲ್ಲಿ ಆ ಖುಷಿ ನೋಡಬೇಕಿತ್ತು ನೀವು. "ಹಸರ ಇದ್ವು ಯವ್ವಾ, ನೋಡಾಕ ಛಂದ ಇರ್ಲಿಲ್ಲ. ಮಣೂಕಕ್ಕ ಕೊಟ್ಟಂಗ ಒಂದ ರಾತ್ರಿ ಗಂಧಕದ ಹೊಗಿ ಕೊಟ್ಟೇನಿ. ಈಗ ನೋಡು, ಬಂಗಾರ ಆಗ್ಯಾವ!" ಅಂದರು. ಒಣದ್ರಾಕ್ಷಿ ಮಣೂಕ ಆ ಗಂಧಕದ ಖೋಲಿಯಿಂದ ಹೊರಗೆ ಬಂದಾಗ ಹೊಳೆಯುತ್ತದಲ್ಲ, ಕಾಫಿಯೂ ಹಾಗೇ ಎಂದು ತಿಳಿದಿದ್ದಾರೆ. ಬಂದ ಚೀಲಗಳಿಗೆಲ್ಲ ಹೊಗೆ ಕೊಟ್ಟಾಗಿದೆ.

ಹುರಿದೆ. ಹುರಿಯುವಾಗಲೇ ಕಣ್ಣು ಉರಿಯಿತು. ಡಿಕಾಕ್ಷನ್ ಇಳಿಸಿ ಬಾಯಿಗಿಟ್ಟರೆ ಕಡ್ಡಿ ಗೀರಿದ ವಾಸನೆ, ನಾಲಿಗೆಯ ಮೇಲೆ ಚುರುಚುರು. ಮಾವನವರು ಅದನ್ನೇ ಲೋಟ ತುಂಬ ಕುಡಿದು "ಏನ್ ಘಮಾ ಐತಿ!" ಅಂದರು. ನಾನು ಹೂಂ ಎಂದು ಒಳಗೆ ಹೋಗಿ ನನ್ನ ಲೋಟ ಬಚ್ಚಲಿಗೆ ಚೆಲ್ಲಿದೆ.

ಹೇಳಿಬಿಡಬೇಕಿತ್ತು ಅನ್ನುತ್ತೀರಿ. ಹೇಗೆ ಹೇಳಲಿ? ನೀವು ದ್ರಾಕ್ಷಿ ಬಿಟ್ಟು ಅಂಗಡಿ ಹಾಕಿದಾಗ ಅವರು ಆಡಿದ ಮಾತು ಮರೆತಿಲ್ಲ: "ಚಾ ಕುಡಿಯೋ ಊರಾಗ ಕಾಫಿ ಮಾರೂದಂದ್ರ ಬೋಳ ತಲಿಗೆ ಹಣಿಗಿ ಮಾರಿದಂಗ." ಆಮೇಲೆ ಎರಡು ದೀಪಾವಳಿ ಅಪ್ಪ ಮಗ ಮಾತಿಲ್ಲದೆ ಕಳೆದಿರಿ. ನಡುವೆ ಸಿಕ್ಕಿ ಜೀವ ತೇಯ್ದವಳು ನಾನು. ಈಗ ಅದೇ ಮನುಷ್ಯ ತಿಕೋಟಾದ ಮೊದಲ ಬಸ್ಸಿಗೆ ಬಂದು ಬಾಗಿಲ ಬೆಂಚಿನ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಕರೆದು ನಿಮ್ಮ ಕಾಫಿ ಹೊಗಳುತ್ತಾರೆ. ಅವರ ಕೈಯಿಂದಲೇ ಮಾಲು ಕೆಟ್ಟಿತು ಎಂದು ಹೇಳಿದರೆ ಅವರು ಮತ್ತೆ ಆ ಬೆಂಚಿಗೆ ಬರುವುದಿಲ್ಲ. ನನಗೆ ಅದೇ ಭಯ, ಚೀಲಗಳದ್ದಲ್ಲ.

ಇದರ ಮೇಲೆ ನಾಡಿದ್ದು ಬಬಲೇಶ್ವರದ ಸುಶೀಲೇಂದ್ರ ಮಾಸ್ತರರ ಮಗಳು ಪೂರ್ವಾಳ ಮದುವೆ. ಬೀಗರು ಮೈಸೂರಿನವರು, ಕಾಫಿ ಬಲ್ಲವರು. ಆ ಆರ್ಡರನ್ನು ಹಿಡಿದು ತಂದವರೂ ಮಾವನವರೇ. ಹೊಸ ರುಮಾಲು ಸುತ್ತಿ ತಾವೇ ನಿಂತು ಲೋಟ ಕೊಡುತ್ತಾರಂತೆ. ಗಂಧಕದ ಕಾಫಿ ಅಲ್ಲಿ ಹೋದರೆ ಅವರ ಮಾನವೂ ಹೋಯಿತು, ನಮ್ಮ ಅಂಗಡಿಯ ಹೆಸರೂ ಹೋಯಿತು. ಹಳೆಯ ಬೀಜ ಒಂದು ದೊಡ್ಡ ಡಬ್ಬಿ ಉಳಿದಿದೆ, ಮದುವೆಗೆ ಸಾಕಾಗುತ್ತದೆ. ಅದನ್ನೇ ಹುರಿದು ಪುಡಿ ಮಾಡಿ ಮಾವನವರಿಗೆ ಗೊತ್ತಾಗದಂತೆ ಕ್ಯಾನಿಗೆ ತುಂಬುತ್ತೇನೆ. ಆಮೇಲೆ ಹೊಸ ಮಾಲು ಬರುವವರೆಗೆ ಮಷೀನು ಕೆಟ್ಟಿದೆ ಎಂದು ಅಂಗಡಿಗೆ ಬೀಗ ಹಾಕುತ್ತೇನೆ.

ಇನ್ನುಳಿದದ್ದು ನಿಮ್ಮ ಕೆಲಸ. ಈ ವರ್ಷದ ಇಡೀ ಮಾಲು ದಾದಾಸಾಬನ ಲಾರಿಯಲ್ಲಿ ಬರುತ್ತದೆ, ಅದನ್ನು ತಿಕೋಟಾದಲ್ಲಿ ಇಳಿಸಬೇಕೆಂದು ಮಾವನವರು ಅವನಿಗೆ ಈಗಾಗಲೇ ಹೇಳಿಟ್ಟಿದ್ದಾರೆ. ಆ ಶೆಡ್ಡಿಗೆ ಹೋದರೆ ನಾವು ಮುಳುಗಿದೆವು. ಮಾಲು ಪೇಟೆಯ ಗೋದಾಮಿನಲ್ಲೇ ಇರಬೇಕು ಎಂದು ತೋಟದ ಸಾಹುಕಾರರು ಕರಾರು ಹಾಕಿದ್ದಾರೆಂದು ಮಾವನವರಿಗೆ ಫೋನಿನಲ್ಲಿ ಒಂದು ಸುಳ್ಳು ಹೇಳಿ. ಸುಳ್ಳು ಹೇಳಲು ನಿಮಗೆ ಬರುವುದಿಲ್ಲ, ಗೊತ್ತು. ಕಲಿಯಿರಿ. ನಾನು ಮೂರು ದಿನದಲ್ಲಿ ಕಲಿತಿದ್ದೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ವಾರಕ್ಕೊಮ್ಮೆಯಾದರೂ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ತೋಟದ ಮನೆಯ ಹಿರಿಯರಿಗೆ ನನ್ನ ಶರಣು ಹೇಳಿ. ಬೇಗ ಬನ್ನಿ.

ನಿಮ್ಮ
ನಂದಾ

ತಾ. ಕ.: ಲಾರಿ ಬಾಗಿಲಲ್ಲಿ ನಿಂತಿದೆ, ದಾದಾಸಾಬ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದ ಸುಳ್ಳು ಬೇಡ. ಕವರು ಅಂಟಿಸುವಷ್ಟರಲ್ಲಿ ಮಾವನವರು ತಿಕೋಟಾದಿಂದ ಓಡೋಡಿ ಬಂದರು. "ಮಣೂಕ ಎಲ್ಲಾ ಹೊರಗ ಬಯಲಿಗೆ ಹಾಕ್ಸೇನಿ, ಶೆಡ್ ಖಾಲಿ ಆತು. ನನ್ನ ಮಗನ ಮಾಲು ಬರಲಿ" ಅಂದರು. ಹೊರಗೆ ನೋಡಿದೆ, ಪಡುವಣಕ್ಕೆ ಮೋಡ ಕಪ್ಪಗೆ ಕಟ್ಟಿತ್ತು. ವರ್ಷದ ಬೆಳೆ ಬಯಲಿನಲ್ಲಿ! ಇನ್ನು ಹೇಗೆ ಸುಮ್ಮನಿರಲಿ? ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಆ ಹಳದಿ ಬೀಜದ ಪುಡಿಯ ಡಬ್ಬಿ ತೆಗೆದು ಮೂಗಿಗೆ ಹಿಡಿದರು, ಮತ್ತೆ ಮತ್ತೆ ಹಿಡಿದರು. "ನನಗ ಏನೂ ವಾಸನಿ ಬರವಲ್ದವಾ. ಗಂಧಕದ ಖೋಲಿ ನನ್ನ ಮೂಗು ತಿಂದು ಭಾಳ ವರ್ಸ ಆತು. ಕುಡದ ಮಂದಿ ಮಾರಿ ನೋಡಿ ಘಮಾ ಐತಿ ಅಂತಿದ್ದೆ" ಅಂದರು. ಅತ್ತೆಯವರಿಗೂ ಇದು ಗೊತ್ತಿಲ್ಲವಂತೆ. ಮಾಲು ಅಂಗಡಿಗೇ ಇಳಿಯಲಿ ಎಂದು ದಾದಾಸಾಬನಿಗೆ ತಾವೇ ಹೇಳಿ, ಒಣದ್ರಾಕ್ಷಿ ಒಳಗೆ ಹಾಕಿಸಲು ಬಸ್ಸು ಹತ್ತಿದರು. ಇಲ್ಲಿ ಹನಿ ಶುರುವಾಗಿದೆ, ಅವರು ಇನ್ನೂ ದಾರಿಯ ತೊರವಿ ದಾಟಿರಲಿಕ್ಕಿಲ್ಲ. ಹತ್ತುವ ಮೊದಲು ನನ್ನ ಕೈ ಹಿಡಿದು "ನಾಡಿದ್ದ ಮದುವ್ಯಾಗ ನೀ ಮೂಸಿ ಹೇಳು, ನಾ ಲೋಟ ಕೊಡ್ತೇನಿ. ಮೂಗಿನ ಸುದ್ದಿ ನನ್ನ ಮಗ ಸಂಗಮೇಶಗ ಮಾತ್ರ ಹೇಳಬ್ಯಾಡ" ಅಂದರು. ಹೂಂ ಅಂದಿದ್ದೇನೆ. ನಿಮಗೆ ಹೇಳಿದ್ದೇನೆ.